ಕೆರೆಯ ನೀರೂ ಸೂರ್ಯರಶ್ಮಿಯೂ ಕ್ರಿಮಿವಿಷವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕೃಷ್ಣರಾಜಪೇಟೆಯಲ್ಲಿ ಸೇರಿದ ಭಕ್ತಸಭೆಯಲ್ಲಿ ಮಾಡಿದ ಭಾಷಣ)

 

ಇಂತಹ ಮಹೋತ್ಸವಗಳಲ್ಲಿ ಶ್ರೀಮಠದ ಪರಂಪರೆಯನ್ನೂ ಶರಣರ ಮಹಿಮೆಯನ್ನೂ ಕೊಂಡಾಡುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರಾದ ವಿದ್ವಾಂಸರು ಈಗಾಗಲೇ ನೆರವೇರಿಸಿದ್ದಾರೆ. ನಾನು ಅರಿಕೆಮಾಡಬೇಕೆಂದಿರುವುದು ನಮ್ಮ ಕೆರೆಗಳ ಮೀನಿನ ಆರೋಗ್ಯವನ್ನು ಕುರಿತು. ಮೀನನ್ನು ಮುಟ್ಟದವರ ಸಭೆಯಲ್ಲಿ ಮೀನಿನ ಮಾತೇಕೆಂದು ಕೆಲವರಿಗೆ ನಗೆ ಬಂದೀತು. ಆದರೆ ನಾವು ಲಿಂಗಾಭಿಷೇಕಕ್ಕೆ ತರುವ ನೀರೂ ಪಾದೋದಕವೆಂದು ಕಣ್ಣಿಗೊತ್ತಿಕೊಳ್ಳುವ ನೀರೂ ದಾಸೋಹದ ಅನ್ನ ಬೇಯುವ ನೀರೂ ಮೀನು ವಾಸಿಸುವ ನೀರಿನಿಂದ ಬೇರೆಯಾದುದಲ್ಲ. ನೀರು ಕೆಟ್ಟಿತೆಂದು ಕಂಡರೆ ನಾವು ಬೇರೆ ಬಾವಿಯನ್ನು ಹುಡುಕುತ್ತೇವೆ. ಮೀನಿಗೆ ಆ ಅವಕಾಶವಿಲ್ಲ. ಅದು ಹಗಲಿರುಳೂ ಆ ನೀರನ್ನೇ ಕಿವಿರುಗಳ ಮೂಲಕ ಹಾಯಿಸಿಕೊಂಡು ಉಸಿರಾಡುತ್ತದೆ. ಆದಕಾರಣ ನೀರಿನಲ್ಲಿ ಸೇರಿದ ವಿಷವನ್ನು ಮನುಷ್ಯನಿಗಿಂತ ಮೊದಲು ಅನುಭವಿಸುವುದು ಮೀನು.

ನಮ್ಮ ಧರ್ಮಕ್ಕೂ ಕೆರೆಗೂ ಇರುವ ಸಂಬಂಧವು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುವುದನ್ನೇ ತಮ್ಮ ಕಾಯಕವನ್ನಾಗಿ ಮಾಡಿಕೊಂಡರು. ಅವರು ಕಟ್ಟಿಸಿದ ಕೆರೆಯು ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಅಂಬಿಗರ ಚೌಡಯ್ಯನವರು ದೋಣಿ ನಡೆಸುತ್ತಲೇ ಶರಣರಾದರು. ಅಷ್ಟಾವರಣಗಳಲ್ಲಿ ಪಾದೋದಕವೂ ಪ್ರಸಾದವೂ ಸೇರಿರುವುದನ್ನು ನೆನೆದರೆ, ಶುದ್ಧವಾದ ನೀರೂ ಶುದ್ಧವಾದ ಅನ್ನವೂ ನಮಗೆ ಕೇವಲ ಆರೋಗ್ಯದ ಮಾತಲ್ಲ, ಆಚಾರದ ಮಾತೆಂಬುದು ಸ್ಪಷ್ಟವಾಗುತ್ತದೆ.

ಹಿಂದೆ ಅತ್ತಿಕುಪ್ಪೆಯೆಂದು ಕರೆಯಲ್ಪಡುತ್ತಿದ್ದ ಈ ನಮ್ಮ ಸೀಮೆಯು ನೀರಿನ ಮಟ್ಟಿಗೆ ಭಾಗ್ಯಶಾಲಿಯಾದುದು. ಹೇಮಾವತಿಯು ಮಂದಗೆರೆ, ಹೇಮಗಿರಿಗಳ ಅಣೆಕಟ್ಟೆಗಳನ್ನು ದಾಟಿ ಹರಿದು, ಅಂಬಿಗರಹಳ್ಳಿ ಸಂಗಾಪುರಗಳ ಬಳಿ ಕಾವೇರಿ ಲಕ್ಷ್ಮಣತೀರ್ಥಗಳೊಡನೆ ಕೂಡುತ್ತಾಳೆ. 2022ರ ಅಕ್ಟೋಬರ್ ತಿಂಗಳಿನಲ್ಲಿ ಆ ತ್ರಿವೇಣಿ ಸಂಗಮದಲ್ಲಿ ಕುಂಭಮೇಳವು ನಡೆಯಿತು. ಅಲ್ಲಿ ಮಿಂದು ಬಂದವರು ಈ ಸಭೆಯಲ್ಲಿಯೂ ಇರಬಹುದು. ಅಲ್ಲಿಂದ ಮುಂದೆ ಆ ನೀರೇ ಕನ್ನಂಬಾಡಿಯ ಜಲಾಶಯವನ್ನು ತುಂಬಿ, ಮಂಡ್ಯದ ಗದ್ದೆಗಳಿಗೂ ಮೈಸೂರು ಬೆಂಗಳೂರುಗಳ ಮನೆಗಳಿಗೂ ಹೋಗುತ್ತದೆ. ನದಿಯ ಪಕ್ಕದಲ್ಲಿ ನಾಲೆಗಳು, ನಾಲೆಯ ಕೆಳಗೆ ಗದ್ದೆ, ಕಬ್ಬಿನ ತೋಟ, ಅವುಗಳ ಕೆಳಗೆ ಕೆರೆ, ಕೆರೆಯ ಕೋಡಿಯಿಂದ ಹಳ್ಳ, ಹಳ್ಳದಿಂದ ಮತ್ತೆ ನದಿ. ಮೇಲಿನ ಗದ್ದೆಯಲ್ಲಿ ಹೊಡೆದುದು ಕೆಳಗಿನ ಕೆರೆಗೆ ಇಳಿಯದೆ ಇರಲಾರದಂತಹ ಭೂಮಿ ನಮ್ಮದು.

ಬೆಳೆಗೆ ಹೊಡೆಯುವ ಈ ವಿಷವನ್ನು ನಾವು ‘ಔಷಧಿ’ ಎಂದು ಕರೆಯುತ್ತೇವೆ. ಅಂಗಡಿಯಲ್ಲಿಯೂ ಹಾಗೆಯೇ ಕೇಳುತ್ತೇವೆ, ಮನೆಯಲ್ಲಿಯೂ ಹಾಗೆಯೇ ಹೇಳುತ್ತೇವೆ. ಆ ಹೆಸರಿನಿಂದಲೇ ನಮ್ಮ ಎಚ್ಚರಿಕೆಯು ಅರ್ಧ ಕಡಿಮೆಯಾಗುತ್ತದೆ. ಉಳಿದ ಅರ್ಧವನ್ನು ಕಳೆಯುವುದು ಇನ್ನೊಂದು ನಂಬಿಕೆ: ಬಿಸಿಲು ಎಲ್ಲವನ್ನೂ ಶುದ್ಧಿಮಾಡುತ್ತದೆ, ಎರಡು ದಿನ ಬಿಸಿಲು ಬಿದ್ದರೆ ವಿಷವು ತಾನಾಗಿಯೇ ಹೋಗುತ್ತದೆ, ಎಂಬುದು. ಈ ನಂಬಿಕೆ ಎಷ್ಟು ಮಟ್ಟಿಗೆ ಸತ್ಯ, ಎಲ್ಲಿ ತಪ್ಪುತ್ತದೆ ಎಂಬುದೇ ಇಂದಿನ ನನ್ನ ಮಾತಿನ ಸಾರ.

ಮೊದಲು ಸತ್ಯಾಂಶವನ್ನು ಒಪ್ಪಿಕೊಳ್ಳೋಣ. ಸೂರ್ಯನು ಶೋಧಕನೆಂಬ ಮಾತು ಹಿರಿಯರ ಕಲ್ಪನೆಯಲ್ಲ. ತಿಳಿನೀರನ್ನು ಪಾರದರ್ಶಕವಾದ ಸೀಸೆಯಲ್ಲಿ ತುಂಬಿ ಆರು ಗಂಟೆಗಳ ಕಾಲ ಪ್ರಖರ ಬಿಸಿಲಿಗೆ ಇಟ್ಟರೆ ಭೇದಿ ಮೊದಲಾದ ರೋಗಗಳ ಸೂಕ್ಷ್ಮಜೀವಿಗಳಲ್ಲಿ ಬಹುಭಾಗ ನಾಶವಾಗುವುದೆಂದು ಇಂದಿನ ವಿಜ್ಞಾನವೂ ಒಪ್ಪಿದೆ. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೆಂಬುವುಂಟು. ಅವು ಅನೇಕ ರಾಸಾಯನಿಕ ದ್ರವ್ಯಗಳನ್ನೂ ಒಡೆಯಬಲ್ಲವು. ಬೇವಿನ ಬೀಜದ ಸಾರವನ್ನು ಬೆಳೆಗೆ ಹೊಡೆದರೆ ಅದರಲ್ಲಿರುವ ಕೀಟನಾಶಕಾಂಶವು ಬಿಸಿಲಿಗೆ ಕೆಲವೇ ದಿನಗಳಲ್ಲಿ ಕ್ಷೀಣಿಸುತ್ತದೆ. ಸೇವಂತಿಗೆಯ ಜಾತಿಗೆ ಸೇರಿದ ಒಂದು ಹೂವಿನಿಂದ ತೆಗೆಯುತ್ತಿದ್ದ ಪೈರೆಥ್ರಮ್ ಎಂಬ ಪುಡಿಯೂ ಅಂತಹುದೇ. ಬೆಳಗ್ಗೆ ಕೀಟವನ್ನು ಕೊಂದು ಸಂಜೆಗೆ ಬಹುಮಟ್ಟಿಗೆ ನಿಸ್ಸತ್ತ್ವವಾಗುತ್ತಿತ್ತು.

ಆದರೆ ಶೋಧಕನಾದ ಸೂರ್ಯನ ಈ ಗುಣವೇ ವ್ಯಾಪಾರಕ್ಕೆ ಅಡ್ಡಿಯಾಯಿತು. ಹೊಡೆದ ಮದ್ದು ಹೊಲದಲ್ಲಿ ನಿಲ್ಲದಿದ್ದರೆ ಬೇಸಾಯಕ್ಕೆ ಉಪಯೋಗವಿಲ್ಲವಷ್ಟೆ? ಆದಕಾರಣ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾಲಯದಲ್ಲಿ ಮೈಕೇಲ್ ಎಲಿಯಟ್ ಎಂಬ ವಿಜ್ಞಾನಿಯೂ ಅವನ ಸಹೋದ್ಯೋಗಿಗಳೂ ಹೂವಿನ ಆ ದ್ರವ್ಯವನ್ನು ಅನುಕರಿಸಿ, ಬಿಸಿಲಿಗೂ ಅಳಿಯದಂತಹ ಪರ್ಮೆಥ್ರಿನ್ ಎಂಬ ಹೊಸ ದ್ರವ್ಯವನ್ನು ನಿರ್ಮಿಸಿ 1973ರಲ್ಲಿ ಲೋಕಕ್ಕೆ ತಿಳಿಸಿದರು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂದು ನಮ್ಮ ಅಂಗಡಿಗಳಲ್ಲಿ ದೊರೆಯುವವು ಅದೇ ವಂಶಕ್ಕೆ ಸೇರಿದುವು. ಇವು ಹಸುವಿಗೂ ಹಕ್ಕಿಗೂ ಅಷ್ಟಾಗಿ ಅಪಾಯಕಾರಿಗಳಲ್ಲವೆಂಬುದು ನಿಜ. ಅವುಗಳ ದೇಹವು ಈ ವಿಷವನ್ನು ಬೇಗನೆ ಒಡೆದು ಹೊರಹಾಕುತ್ತದೆ. ಮೀನಿನ ದೇಹಕ್ಕೆ ಆ ಶಕ್ತಿ ಬಹು ಕಡಿಮೆ. ಒಂದು ಲೀಟರು ನೀರಿನಲ್ಲಿ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಒಂದೆರಡು ಪಾಲಿನಷ್ಟು ಸೈಪರ್‌ಮೆಥ್ರಿನ್ ಬೆರೆತರೂ ಅನೇಕ ಜಾತಿಯ ಮೀನುಗಳು ನಾಲ್ಕು ದಿನಗಳೊಳಗೆ ಸಾಯಬಲ್ಲವು. ಹೊಡೆದವನಿಗೆ ಕೈಯುರಿಯೂ ಬಾರದೆ ಇರುವಷ್ಟು ಅಲ್ಪ ವಿಷವು ಕೆರೆಯನ್ನು ಶೂನ್ಯಮಾಡಬಲ್ಲುದು. ಈ ದ್ರವ್ಯಗಳು ಕೆಸರಿಗೆ ಅಂಟಿಕೊಳ್ಳುವುದರಿಂದ ನೀರಿನಲ್ಲಿ ಇವುಗಳ ಉಪದ್ರವವು ಕೊಂಚ ತಗ್ಗುತ್ತದೆಂಬುದನ್ನೂ ಹೇಳಬೇಕು. ಆದರೆ ಕೆಸರಿನಲ್ಲಿಯೇ ಮೇಯುವ ಜೀವಿಗಳಿಗೆ ಅದರಿಂದ ಸಮಾಧಾನವಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದವರು ನಮ್ಮ ಕೆರೆಗಳಲ್ಲಿ ಸಾಕುವ ಮೃಗಾಲ್ ಮೊದಲಾದ ಮೀನುಗಳ ಮೇಲೆ ಈ ಜಾತಿಯ ವಿಷಗಳನ್ನು ಪರೀಕ್ಷಿಸಿದ್ದಾರೆ. ವಿಷ ತಗುಲಿದ ಮೀನು ಗತಿತಪ್ಪಿ ಈಜುತ್ತದೆ. ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತದೆ. ಮೈಯೆಲ್ಲ ಲೋಳೆ ಸುರಿಸುತ್ತದೆ. ಅದರ ಉಸಿರಾಟದ ಪ್ರಮಾಣವೇ ಬದಲಾಗುತ್ತದೆ. ಕೆರೆಯ ದಡದಲ್ಲಿ ಇಂತಹ ಲಕ್ಷಣವನ್ನು ಕಂಡವರು ಅದನ್ನು ಮೀನಿನ ಆಟವೆಂದು ಭಾವಿಸಕೂಡದು.

ಬಿಸಿಲಿಗೆ ಅಳಿಯದ ವಿಷದ ಕಥೆ ಇದು. ಬಿಸಿಲಿಗೆ ಒಡೆದು ಇನ್ನೂ ಘೋರವಾಗುವ ವಿಷದ ಕಥೆ ಇನ್ನೊಂದು. ರಾಸಾಯನಿಕ ದ್ರವ್ಯವು ಒಡೆಯಿತು ಎಂದ ಮಾತ್ರಕ್ಕೆ ವಿಷವು ಅಳಿಯಿತು ಎಂದಾಗಲಿಲ್ಲ. ಡೈಎಲ್ಡ್ರಿನ್ ಎಂಬ ಕೀಟನಾಶಕವು ಬಿಸಿಲಿನಲ್ಲಿ ತನ್ನ ರಚನೆಯನ್ನು ಬದಲಿಸಿಕೊಂಡು ಫೋಟೋಡೈಎಲ್ಡ್ರಿನ್ ಆಗುತ್ತದೆ. ಆ ಹೊಸ ರೂಪವು ಸಿಹಿನೀರಿನ ಪ್ರಾಣಿಗಳಿಗೆ ಮೂಲರೂಪಕ್ಕಿಂತಲೂ ಹೆಚ್ಚು ವಿಷಕಾರಿಯೆಂದು 1971ರಲ್ಲಿಯೇ ಪ್ರಕಟವಾಯಿತು. ಬತ್ತದ ಕಾಂಡಕೊರಕಕ್ಕೂ ಕಬ್ಬಿನ ಸುಳಿಕೊರಕಕ್ಕೂ ಬಳಸುವ ಫಿಪ್ರೊನಿಲ್ ಇಂತಹುದೇ ಇನ್ನೊಂದು. ತಿಳಿನೀರಿನಲ್ಲಿ ಬಿಸಿಲು ಬಿದ್ದರೆ ಅದು ಗಂಟೆಗಳ ಲೆಕ್ಕದಲ್ಲಿ ಮಾಯವಾಗುತ್ತದೆ. ಆದರೆ ಅದರಿಂದ ಹುಟ್ಟುವ ಡೀಸಲ್ಫಿನಿಲ್ ಎಂಬ ಮರಿವಿಷವು ಹೆಚ್ಚು ಕಾಲ ನಿಲ್ಲುತ್ತದೆ, ಮತ್ತು ಬ್ಲೂಗಿಲ್ ಎಂಬ ಅಮೇರಿಕದ ಸಿಹಿನೀರಿನ ಮೀನಿಗೆ ತಾಯಿವಿಷಕ್ಕಿಂತ ಹಲವು ಪಟ್ಟು ತೀಕ್ಷ್ಣವಾಗಿರುತ್ತದೆ. ತಾಯಿವಿಷವನ್ನು ಮಾತ್ರ ಹುಡುಕಿ ನೀರನ್ನು ಪರೀಕ್ಷಿಸುವವನು ‘ನೀರು ಶುದ್ಧವಾಗಿದೆ’ ಎಂದು ಬರೆದುಕೊಟ್ಟಾನು. ಮೀನಿನ ಅನುಭವ ಬೇರೆಯಾಗಿರುತ್ತದೆ. ಕ್ಯಾಲಿಫೋರ್ನಿಯದ ಕಿತ್ತಳೆಯ ತೋಟಗಳಲ್ಲಿ ಮದ್ದು ಹೊಡೆದು ದಿನಗಳು ಕಳೆದ ಮೇಲೆ ಹಣ್ಣು ಕೀಳಲು ಹೋದ ಕೂಲಿಗಳು ವಿಷವೇರಿ ಬಿದ್ದುದುಂಟು. ಎಲೆಯ ಮೇಲಿನ ಪ್ಯಾರಾಥಿಯಾನ್ ಎಂಬ ವಿಷವು ಒಣ ಬಿಸಿಲಿನಲ್ಲಿ ಅದಕ್ಕಿಂತ ಘೋರವಾದ ಪ್ಯಾರಾಕ್ಸಾನ್ ಆಗಿ ಮಾರ್ಪಟ್ಟುದೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು.

ಮೂರನೆಯ ಬಗೆಯು ಎಲ್ಲಕ್ಕಿಂತ ವಿಚಿತ್ರವಾದುದು. ಇಲ್ಲಿ ವಿಷವು ಮೊದಲು ಮೀನಿನ ಮೈಯೊಳಗೆ ಸೇರಿ ಸುಮ್ಮನಿರುತ್ತದೆ. ಬಿಸಿಲು ಆ ಮೈಯ ಮೇಲೆ ಬಿದ್ದೊಡನೆ ಬೆಂಕಿಯಂತೆ ಹೊತ್ತಿಕೊಳ್ಳುತ್ತದೆ. ರೈಲುಹಳಿಯ ಮರದ ದಿಮ್ಮಿಗಳಿಗೆ ಹುಳು ಹಿಡಿಯದಿರಲೆಂದು ಕ್ರಿಯೋಸೋಟ್ ಎಂಬ ಕಲ್ಲಿದ್ದಲಿನ ಎಣ್ಣೆಯನ್ನು ಹೀರಿಸುತ್ತಿದ್ದರು. ಅದರಲ್ಲಿ ಆಂಥ್ರಸೀನ್ ಎಂಬ ದ್ರವ್ಯವಿರುತ್ತದೆ. 1983ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಲ್ಪ ಆಂಥ್ರಸೀನ್ ಬೆರೆತ ನೀರಿನಲ್ಲಿ ಮೀನುಗಳನ್ನು ಬಿಟ್ಟು, ಕೆಲವನ್ನು ನೆರಳಿನಲ್ಲಿಯೂ ಕೆಲವನ್ನು ಬಿಸಿಲಿನಲ್ಲಿಯೂ ಇರಿಸಿದರು. ನೆರಳಿನವು ಬದುಕಿದುವು, ಬಿಸಿಲಿನವು ಸತ್ತುವು. ನೀರು ಅದೇ, ವಿಷ ಅದೇ, ಮೀನು ಅದೇ. ಭೇದವು ಬಿಸಿಲಿನದು ಮಾತ್ರ. ಕಾರ್ಬರಿಲ್ ಎಂಬ ಕೀಟನಾಶಕವನ್ನೂ (1984ರ ಡಿಸೆಂಬರಿನಲ್ಲಿ ದುರಂತವಾದ ಭೋಪಾಲದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಇದೇ) ಕಪ್ಪೆಯ ಮರಿಗಳ ಮೇಲೆ ಹೀಗೆಯೇ ಪರೀಕ್ಷಿಸಿದರು. ಅತಿನೇರಳೆ ಕಿರಣವು ಕೂಡಿದಾಗ ಅದರ ವಿಷಶಕ್ತಿಯು ಸುಮಾರು ಹತ್ತು ಪಟ್ಟು ಹೆಚ್ಚಿತೆಂದು 1998ರಲ್ಲಿ ವರದಿಯಾಯಿತು. ಮೀನಿಗೆ ಕಣ್ಣುರೆಪ್ಪೆಯಿಲ್ಲ, ಮೈಮೇಲೆ ತುಪ್ಪಳವಿಲ್ಲ. ಮೊಟ್ಟೆಯೂ ಆಗತಾನೆ ಒಡೆದ ಮರಿಯೂ ಗಾಜಿನಂತೆ ಪಾರದರ್ಶಕವಾಗಿದ್ದು, ದಡದ ಆಳವಿಲ್ಲದ ನೀರಿನಲ್ಲಿಯೇ ಇರುತ್ತವೆ. ಬಿಸಿಲು ಹೆಚ್ಚಾಗಿ ತಲಪುವುದೂ ಗದ್ದೆಯ ನೀರು ಮೊದಲು ಬಂದು ಸೇರುವುದೂ ಆ ಜಾಗಕ್ಕೇ ಅಲ್ಲವೆ?

ಇನ್ನು ಕಳೆನಾಶಕಗಳ ವಿಚಾರ. ಕೆರೆಯ ಹಸುರು ಪಾಚಿಯೂ ಜಲಸಸ್ಯಗಳೂ ಬಿಸಿಲನ್ನು ಉಂಡು ನೀರಿಗೆ ಆಮ್ಲಜನಕವನ್ನು, ಎಂದರೆ ಪ್ರಾಣವಾಯುವನ್ನು, ಕೊಡುತ್ತವೆ. ಕಬ್ಬಿನ ತೋಟಗಳಿಗೆ ಹಾಕುವ ಆಟ್ರಜೀನ್, ಡೈಯುರಾನ್ ಮೊದಲಾದುವು ಕಳೆಯನ್ನು ಕೊಲ್ಲುವುದೇ ಅದು ಬಿಸಿಲನ್ನು ಉಣ್ಣದಂತೆ ತಡೆದು. ಅವು ಕೆರೆಗೆ ಇಳಿದರೆ ಪಾಚಿಯ ಕೆಲಸವನ್ನೂ ತಡೆಯುತ್ತವೆ. ಬಿಸಿಲು ಎಂದಿನಂತೆ ಬೀಳುತ್ತಿರುತ್ತದೆ, ಆದರೆ ಅದನ್ನು ಪ್ರಾಣವಾಯುವಾಗಿಸುವ ಕೈಗಳು ಕಟ್ಟಿಹೋಗಿರುತ್ತವೆ. ಸತ್ತ ಸಸ್ಯವು ಕೊಳೆಯುತ್ತ ಇದ್ದ ವಾಯುವನ್ನೂ ಹೀರುತ್ತದೆ. ಇದರ ಮೇಲೆ ಬೇಸಗೆಯ ಕಾವು: ಇಪ್ಪತ್ತು ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ, ಮೂವತ್ತು ಡಿಗ್ರಿಯ ನೀರು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಕಾವೇರಿದಂತೆ ಮೀನಿಗೆ ಉಸಿರಿನ ಅಗತ್ಯ ಹೆಚ್ಚು; ಹೆಚ್ಚು ನೀರನ್ನು ಕಿವಿರಿಗೆ ಸೆಳೆದಂತೆ ಹೆಚ್ಚು ವಿಷವೂ ಒಳಗೆ ಹೋಗುತ್ತದೆ. ಕೆರೆಯಲ್ಲಿ ಪ್ರಾಣವಾಯುವು ಅತ್ಯಂತ ಕಡಿಮೆಯಾಗುವುದು ಸೂರ್ಯೋದಯಕ್ಕೆ ಮುಂಚೆ. ಆದಕಾರಣವೇ ಸತ್ತ ಮೀನು ತೇಲುವುದು ಅನೇಕವೇಳೆ ಬೆಳಗಿನ ಜಾವದಲ್ಲಿ. ಗಾಳಿಯನ್ನೇ ನೇರವಾಗಿ ಕುಡಿಯಬಲ್ಲ ಕೊರವ ಮೀನು ಉಳಿದು, ಗೆಂಡೆ, ಕಾಟ್ಲಾ, ರೋಹುಗಳು ಸತ್ತಿದ್ದರೆ ಉಸಿರುಕಟ್ಟಿರಬಹುದೆಂದು ಊಹಿಸಬಹುದು.

ಬೇರೆ ಊರುಗಳ ಅನುಭವದಿಂದ ನಾವು ಕಲಿಯಬೇಕಾದುದುಂಟು. ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಕಾಸರಗೋಡಿನ ಎಣ್ಮಕಜೆ ಮೊದಲಾದ ಗ್ರಾಮಗಳ ಗುಡ್ಡಗಳಲ್ಲಿ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಿದರು. ಈ ವಿಷವು ಬಿಸಿಲಿಗೆ ಸುಲಭವಾಗಿ ಜಗ್ಗುವುದಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮಾರ್ಪಡಿಸಿದರೂ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟು ಮತ್ತೆ ವಿಷವೇ. ಮೀನಿಗಂತೂ ಅದು ಪರಮ ಶತ್ರು. ಜೇನು, ಮೀನು, ಕಪ್ಪೆಗಳು ಇಲ್ಲವಾಗುತ್ತಿರುವುದನ್ನು ಹಳ್ಳಿಗರು ಕಂಡು ಹೇಳಿದರು, ಕೇಳಿದವರು ಕಡಿಮೆ. ಅಲ್ಲಿನ ಮಕ್ಕಳ ರೋಗರುಜಿನಗಳು ದೇಶದ ಗಮನಕ್ಕೆ ಬರುವ ಹೊತ್ತಿಗೆ ಎರಡು ದಶಕಗಳು ಕಳೆದಿದ್ದುವು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಮೂಕಪ್ರಾಣಿಗಳ ಸಾಕ್ಷ್ಯವನ್ನು ಮೊದಲೇ ಅಂಗೀಕರಿಸಿದ್ದರೆ ಎಷ್ಟು ಮನೆಗಳ ದುಃಖ ತಪ್ಪುತ್ತಿತ್ತೋ!

ಇದಕ್ಕೆ ವಿರುದ್ಧವಾದ ಸಂಪ್ರದಾಯವೂ ನಮ್ಮಲ್ಲಿಯೇ ಇದೆ. ಇಲ್ಲಿಂದ ಕಾವೇರಿಯ ಮೇಲ್ಭಾಗದಲ್ಲಿರುವ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿಯೂ ತುಂಗೆಯ ದಡದ ಶೃಂಗೇರಿಯಲ್ಲಿಯೂ ದೇವರ ಮೀನೆಂದು ಜನರು ಮೀನುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿ ದೇವರ ಮೀನುಗಳನ್ನು ಕೊಂದಾಗ, ಜನರು ಸತ್ತ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಬೇಕೆಂದು ಹಾಕಿದ ವಿಷಕ್ಕೆ ನಾವು ಇಷ್ಟು ಮರುಗುತ್ತೇವೆ. ಅರಿಯದೆ ಹರಿಯಬಿಟ್ಟ ವಿಷಕ್ಕೆ ಮರುಗುವವರಾರು? ಮೀನಿಗೆ ಎರಡರ ಭೇದವೂ ತಿಳಿಯದು. ಕಾವೇರಿಯಲ್ಲಿ ಮಾತ್ರವೇ ಇರುವ ಡುಬ್ಬದ ಮಹಶೀರ್ ಎಂಬ ಮಹಾಮೀನು ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಯಿತು. ರಂಗನತಿಟ್ಟಿನ ಪಕ್ಷಿಗಳೂ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳೂ ಮರಿಗಳಿಗೆ ಉಣಿಸುವುದು ಈ ನೀರುಗಳ ಮೀನನ್ನೇ. ಬಲೆಯನ್ನೇ ನಂಬಿ ಬದುಕುವ ಬೆಸ್ತರ ಮನೆಗಳೂ ಈ ಕೆರೆಗಳ ದಡದಲ್ಲಿವೆ. ನಾವು ಮೀನನ್ನು ಉಣ್ಣದಿರುವುದು ನಮ್ಮ ಆಚಾರ. ಉಣ್ಣುವವರ ಅನ್ನಕ್ಕೆ ವಿಷವಿಕ್ಕದಿರುವುದು ಅದಕ್ಕಿಂತ ಕಡಿಮೆಯ ಆಚಾರವೇನೂ ಅಲ್ಲ.

ಹಾಗಾದರೆ ಬೇಸಾಯಗಾರನು ಮಾಡತಕ್ಕದ್ದೇನು? ಈ ಸಭೆಯಲ್ಲಿರುವವರಲ್ಲಿ ಬಹುಮಂದಿ ನೇಗಿಲನ್ನು ನಂಬಿದವರು. ಹುಳು ತಿಂದ ಬೆಳೆಯ ದುಃಖವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಷವನ್ನು ಮುಟ್ಟಲೇಕೂಡದೆಂದು ಉಪದೇಶಿಸಲು ನಾನು ಬಂದಿಲ್ಲ. ಆದರೆ ಒಂದು ಸಂಗತಿಯನ್ನು ನೆನಪಿಸುತ್ತೇನೆ. 2002ರಲ್ಲಿ ಕಬ್ಬಿಗೆ ಬಿಳಿ ಉಣ್ಣೆಯಂತಹ ಹೇನಿನ ಹಾವಳಿಯು ಕರ್ನಾಟಕದಲ್ಲಿ ಹಬ್ಬಿ ರೈತರನ್ನು ಕಂಗೆಡಿಸಿತು. ಅದನ್ನು ಕೊನೆಗೆ ಹತೋಟಿಗೆ ತಂದುದರಲ್ಲಿ ಮುಖ್ಯಪಾತ್ರವು ಆ ಹೇನನ್ನು ತಿನ್ನುವ ಸಣ್ಣ ಕೀಟಗಳದು. ವಿಜ್ಞಾನಿಗಳು ಅವುಗಳನ್ನು ಬೆಳೆಸಿ ತೋಟಗಳಿಗೆ ಬಿಟ್ಟರು. ವಿಷ ಹೊಡೆದ ತೋಟಗಳಲ್ಲಿ ಆ ಮಿತ್ರಕೀಟಗಳೂ ಸಾಯುತ್ತವೆ. ಬತ್ತದ ಕಂದು ಜಿಗಿಹುಳುವೂ ಅತಿಯಾಗಿ ಮದ್ದು ಹೊಡೆದ ಗದ್ದೆಗಳಲ್ಲಿಯೇ ಮರಳಿ ಹೆಚ್ಚುತ್ತದೆಂಬುದು ಅನುಭವಸಿದ್ಧ. ಆದುದರಿಂದ ಹುಳುವನ್ನು ಕಂಡು, ಎಣಿಸಿ, ಅನಿವಾರ್ಯವಾದಾಗ ಮಾತ್ರ ಹೊಡೆಯತಕ್ಕದ್ದು. ಈ ವಿಚಾರದಲ್ಲಿ ಅಂಗಡಿಯವನ ಮಾತಿಗಿಂತ ಮಂಡ್ಯದ ವಿ.ಸಿ. ಫಾರಮ್ಮಿನ ಕೃಷಿ ತಜ್ಞರ ಮಾತು ಮೇಲು.

ಪಂಚಾಚಾರಗಳಲ್ಲಿ ಸದಾಚಾರವು ಒಬ್ಬೊಬ್ಬನ ನಡೆಗೆ ಸಂಬಂಧಿಸಿದುದು. ಹೊಡೆದ ಕ್ಯಾನನ್ನು ಕೆರೆಯಲ್ಲಿಯೋ ನಾಲೆಯಲ್ಲಿಯೋ ತೊಳೆಯಕೂಡದು. ತೊಳೆದ ನೀರನ್ನು ಹೊಲಕ್ಕೇ ಚೆಲ್ಲತಕ್ಕದ್ದು. ಖಾಲಿ ಡಬ್ಬಿಯನ್ನು ಹಳ್ಳಕ್ಕೆ ಎಸೆಯಕೂಡದು. ಮಳೆ ಬರುವಂತಿರುವಾಗ ಹೊಡೆಯಕೂಡದು. ಮದ್ದು ಹಾಕಿದ ಗದ್ದೆಯ ನೀರನ್ನು ಚೀಟಿಯಲ್ಲಿ ಹೇಳಿದಷ್ಟು ದಿನಗಳಾದರೂ ಬದು ಬಿಗಿಮಾಡಿ ಒಳಗೇ ನಿಲ್ಲಿಸತಕ್ಕದ್ದು. ಕೆರೆಯ ಅಂಚಿನಲ್ಲಿ ಕೆಲವು ಮಾರು ಅಗಲ ಹುಲ್ಲನ್ನು ಬೆಳೆಯಗೊಟ್ಟರೆ ಹರಿದುಬರುವ ವಿಷದ ಒಂದು ಪಾಲನ್ನು ಅದು ತಡೆಯುತ್ತದೆ. ಬೇವಿನ ಸಾರವನ್ನು ಬಳಸುವವರೂ ಅದನ್ನು ನೀರಿಗೆ ಸುರಿಯಬಾರದು. ಹೆಚ್ಚಾದರೆ ಅದೂ ಮೀನಿಗೆ ಹಿತವಲ್ಲ.

ಗಣಾಚಾರವು ಸಮುದಾಯಕ್ಕೆ ಸಂಬಂಧಿಸಿದುದು. ಒಬ್ಬನು ಶುದ್ಧನಾಗಿದ್ದು ಮೇಲಿನ ಗದ್ದೆಯ ಹತ್ತು ಮಂದಿ ಅಶುದ್ಧರಾದರೆ ಕೆರೆ ಉಳಿಯದು. ಆದಕಾರಣ ಒಂದೊಂದು ಕೆರೆಯ ಅಚ್ಚುಕಟ್ಟಿನವರೂ ಬೆಸ್ತರೂ ಒಟ್ಟಿಗೆ ಕುಳಿತು ಕಟ್ಟುಪಾಡು ಮಾಡಿಕೊಳ್ಳಬೇಕು. ಮೀನು ಮರಿಹಾಕುವ ಮುಂಗಾರಿನ ದಿನಗಳಲ್ಲಿ ವಿಶೇಷ ಎಚ್ಚರಿಕೆ ಇರಬೇಕು. ಮೀನು ಸತ್ತು ತೇಲಿದರೆ ಮುಚ್ಚಿಡದೆ, ಅಂದೇ ನೀರನ್ನೂ ಮೀನನ್ನೂ ತಂಪಾಗಿಟ್ಟು ಮೀನುಗಾರಿಕೆ ಇಲಾಖೆಗೆ ತಲಪಿಸಬೇಕು. ಬಿಸಿಲು ಸಾಕ್ಷ್ಯವನ್ನೂ ಅಳಿಸುತ್ತದೆಂಬುದು ನೆನಪಿರಲಿ. ಶ್ರೀಮಠವು ಈ ಕಾರ್ಯದಲ್ಲಿ ಮುಂದಾದರೆ ಭಕ್ತರು ಹಿಂದೆ ಉಳಿಯಲಾರರೆಂದು ನನ್ನ ದೃಢವಾದ ನಂಬಿಕೆ.

ಮಹನೀಯರೇ, ಸೂರ್ಯನು ತನ್ನ ಧರ್ಮವನ್ನು ಬಿಟ್ಟಿಲ್ಲ. ಮನುಷ್ಯನು ಮಾಡಿದ ಹೊಸ ದ್ರವ್ಯಗಳಲ್ಲಿ ಕೆಲವನ್ನು ಅವನು ಸುಡುತ್ತಾನೆ, ಕೆಲವು ಅವನಿಗೆ ಜಗ್ಗುವುದಿಲ್ಲ, ಕೆಲವು ಅವನ ಕಿರಣದಿಂದಲೇ ಹರಿತವಾಗುತ್ತವೆ. ಯಾವುದು ಯಾವ ಬಗೆಯದೆಂದು ದಡದಲ್ಲಿ ನಿಂತು ನೋಡಿದವನಿಗೆ ಕಾಣದು. ನಾವು ಕೆಡಿಸಿದುದನ್ನು ಸೂರ್ಯನು ಶುದ್ಧಿಮಾಡಲೆಂದು ಕಾದು ಕುಳಿತುಕೊಳ್ಳುವುದು ಭಕ್ತಿಯಲ್ಲ, ಆಲಸ್ಯ. ಶುದ್ಧಿಯು ಕ್ಯಾನನ್ನು ಹಿಡಿದ ಕೈಯಿಂದಲೇ ಆರಂಭವಾಗಬೇಕು. ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿ ಶರಣರಾದರು. ಕಟ್ಟಿದ ಕೆರೆಯನ್ನು ಕೆಡದಂತೆ ಉಳಿಸಿಕೊಳ್ಳುವಷ್ಟು ಕಾಯಕವಾದರೂ ನಮ್ಮಿಂದ ನಡೆಯಲಿ. ಆ ಬುದ್ಧಿಯನ್ನೂ ಶಕ್ತಿಯನ್ನೂ ಶ್ರೀಗುರುವು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.